ಮೆಟ್ಟಿಲಿಂದ ಬಿದ್ದವರು

ಉಯೆನ್ ಒಂದು ಸಂಜೆ ಕೆಲಸ ಮುಗಿಸಿ ಮನೆಗೆ ಬಂದಾಗ ಅವಳ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಇನ್ನೊಂದೆಲ್ಲೇ ಅಂದೆ. ಅವಳು ಬಗ್ಗಿ ನೋಡಿಕೊಂಡಳು. ಅಲ್ಲಿಯವರೆಗೂ ಅವಳಿಗೆ ಗೊತ್ತೇ ಇರಲಿಲ್ಲ. ಬಸ್ ಸ್ಟಾಪಿನಿಂದ ನಮ್ಮ ಗಲ್ಲಿಯ ತನಕ ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು ಬಂದಿದ್ದಾಳೆ. ಅಂಗಾಲು ಕೊಯ್ದು ರಕ್ತ ಸುರಿಯುತ್ತಿದೆ, ಹುಡುಗಿಗೆ ಅದರ ಪರಿವೆಯೇ ಇಲ್ಲ.

"ಕಣ್ಣನ್ನ ಫೋನಿಗೆ ಅಂಟಿಸ್ಕೊಂಡು ನಡೆದ್ರೆ ಹೀಗೇ ಆಗೋದು" ಅಂತ ಬೈದು, ಉಪ್ಪುನೀರಲ್ಲಿ ಕಾಲು ತೊಳೆದೆ. ಉಪ್ಪುನೀರು ಗಾಯಕ್ಕೆ ತಾಗಿದರೂ ಅವಳು ಕಾಲು ಎಳೆದುಕೊಳ್ಳಲಿಲ್ಲ. ನಾನು ಅದನ್ನೂ ಗಮನಿಸಲಿಲ್ಲ. ಬೈಯುವುದರಲ್ಲಿ ಮುಳುಗಿದ್ದೆ.

ನನ್ನ ಹೆಸರು ನ್ಯಾನ್. ನಮ್ಮೂರು ಹೈಫಾಂಗಿನ ಬಂದರಿನ ಹತ್ತಿರ ಇಪ್ಪತ್ತೆಂಟು ವರ್ಷದಿಂದ ಮೀನು ಮಾರುತ್ತಿದ್ದೇನೆ. ನನ್ನ ಬಾಯಿಗೆ ಹೆದರಿ ಪಕ್ಕದ ಏಡಿಯವಳು ತನ್ನ ಜಾಗವನ್ನು ಎರಡು ಮಾರು ಆಚೆಗೆ ಸರಿಸಿಕೊಂಡಿದ್ದಾಳೆ. ಗಂಡ ಸತ್ತು ಒಂಬತ್ತು ವರ್ಷ. ಉಯೆನ್ ಒಬ್ಬಳೇ ಮಗಳು, ಆಗ ಅವಳಿಗೆ ಇಪ್ಪತ್ತಮೂರು. ಒಂದು ಬ್ಯೂಟಿ ಪಾರ್ಲರಿನಲ್ಲಿ ಹೆಂಗಸರ ಉಗುರಿಗೆ ಬಣ್ಣ ಹಚ್ಚುವ ಕೆಲಸ. ವಾರಕ್ಕೆ ನಾಲ್ಕು ದಿನ ಗೆಳತಿಯರ ಜೊತೆ ಹೊರಗೆ ತಿರುಗುತ್ತಿದ್ದಳು. ವಯಸ್ಸಿನ ಹುಡುಗಿ, ತಿರುಗಲಿ ಅಂತ ಬಿಟ್ಟಿದ್ದೆ.

ಚಪ್ಪಲಿ ಕಳೆದು ಒಂದು ವಾರಕ್ಕೆ ಬಚ್ಚಲಲ್ಲಿ ಬಿದ್ದಳು. ತಲೆಗೆ ನೀರು ಹುಯ್ದುಕೊಂಡು ಕಣ್ಣು ಮುಚ್ಚಿದ್ದೇ ತಡ, ಕಡಿದ ಬಾಳೆಯ ಹಾಗೆ ದೊಪ್ಪನೆ ಬಿದ್ದಳು. ಕಣ್ಣು ತೆರೆದಿದ್ದರೆ ಗೋಡೆ ಹಿಡಿದು ನಿಲ್ಲುತ್ತಾಳೆ, ಮುಚ್ಚಿದರೆ ಬೀಳುತ್ತಾಳೆ. ಸೊಂಟ ಹಿಡಿದುಕೊಂಡಿರಬೇಕು ಅಂತ ನಮ್ಮ ಬೀದಿಯ ಸೂಜಿ ಚುಚ್ಚುವ ವೈದ್ಯನ ಹತ್ತಿರ ಕರೆದುಕೊಂಡು ಹೋದೆ. ಅವನು ಪಾದಕ್ಕೆ ಹನ್ನೆರಡು ಸೂಜಿ ಚುಚ್ಚಿದ. ಇವಳು ಕಮಕ್ ಕಿಮಕ್ ಅನ್ನಲಿಲ್ಲ. "ಗಟ್ಟಿ ಹುಡುಗಿ" ಅಂತ ಮೆಚ್ಚಿಕೊಂಡ ಪುಣ್ಯಾತ್ಮ. ಹೀಗೆ ಮೂರು ವಾರ ಹಾಳಾಯಿತು. ನಾಲ್ಕನೇ ವಾರ ಅವಳು ಹಾಸಿಗೆಯಿಂದ ಏಳಲೇ ಇಲ್ಲ. ಕಾಲು ಎಲ್ಲಿದೆ ಅಂತ ತನಗೇ ತಿಳಿಯುತ್ತಿಲ್ಲ ಅಂದಳು. ಆಗ ಆಸ್ಪತ್ರೆಗೆ ಹೊತ್ತುಕೊಂಡು ಹೋದೆ.

ನರದ ರೋಗಿಗಳ ವಾರ್ಡು. ಕೋಣೆಯಲ್ಲಿ ಆರು ಮಂಚ, ಪ್ರತಿ ಮಂಚದ ಕೆಳಗೂ ನೋಡಿಕೊಳ್ಳುವವರ ಚಾಪೆ. ಡಾಕ್ಟರ್ ಬಾಂಗ್ ಅನ್ನುವವನು ಬಂದ. ಸಣಕಲು ಮನುಷ್ಯ, ಮುಖ ನೋಡದೆ ಮಾತಾಡುವವನು. ಸಣ್ಣ ಸುತ್ತಿಗೆಯಿಂದ ಮೊಣಕಾಲು ತಟ್ಟಿದ, ಕಣ್ಣು ಮುಚ್ಚಿಸಿ ಕಾಲಿನ ಹೆಬ್ಬೆರಳನ್ನು ಮೇಲೆ ಕೆಳಗೆ ಮಾಡಿ "ಈಗ ಮೇಲಿದ್ಯೋ ಕೆಳಗಿದ್ಯೋ?" ಅಂತ ಕೇಳಿದ. ಉಯೆನ್ ಪ್ರತಿ ಸಲವೂ ತಪ್ಪು ಹೇಳಿದಳು. ಬೆನ್ನಿನ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, ತಿರುಗದೆಯೇ ಕೇಳಿದ:

"ಬಲೂನ್ ಎಳೀತೀಯಾ?"

ನಗುವ ಬಲೂನು ಅಂದರೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಸಿಲಿಂಡರಿನಿಂದ ಗ್ಯಾಸು ತುಂಬಿಸಿ ಕೊಡುತ್ತಾರೆ, ಹುಡುಗರು ಬಾಯಿಗಿಟ್ಟು ಎಳೆಯುತ್ತಾರೆ, ಒಂದರ್ಧ ನಿಮಿಷ ಹುಚ್ಚರ ಹಾಗೆ ನಗುತ್ತಾರೆ. ಕೆರೆ ಬದಿಯ ಅಂಗಡಿಗಳಲ್ಲಿ ಕಾಫಿಯ ಪಕ್ಕದಲ್ಲೇ ಸಿಗುತ್ತಿತ್ತು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾರನ್ನ ಕೇಳ್ತಿದೀರಿ ಡಾಕ್ಟ್ರೇ?"

"ಅವಳನ್ನ. ನಿಮ್ಮನ್ನಲ್ಲ."

"ಅವಳ ಬದ್ಲು ನಾನ್ ಹೇಳ್ತೀನಿ ಕೇಳಿ. ನನ್ ಮಗಳು ಅಂಥವಳಲ್ಲ. ಉಗುರಿಗೆ ಬಣ್ಣ ಹಚ್ತಾಳೆ ಅಂದ ತಕ್ಷಣ ಬೀದಿಗೆ ಬಿದ್ದವಳ ಥರ ಕಾಣ್ತಾಳಾ ನಿಮ್ಮ ಕಣ್ಣಿಗೆ? ಅಂಥ ಕೆಲಸ ಮಾಡಿದ್ರೆ ನಾನೇ ಅವಳ ಕಾಲು ಮುರ್ದು ಹಾಕ್ತಿದ್ದೆ, ನಿಮ್ಮ ತನಕ ಬರ್ತಾನೇ ಇರ್ಲಿಲ್ಲ!"

ಆರು ಮಂಚದವರೂ ನಮ್ಮ ಕಡೆ ತಿರುಗಿದರು. ಡಾಕ್ಟರು ನನ್ನನ್ನು ಬಿಟ್ಟು ಉಯೆನ್‌ಳನ್ನೇ ನೋಡುತ್ತ ನಿಂತ.

"ಇಲ್ಲ ಡಾಕ್ಟ್ರೇ" ಅಂದಳು ಅವಳು. "ಪಾರ್ಲರಿನ ಮೆಟ್ಟಿಲಿಂದ ಬಿದ್ದೆ, ಅಷ್ಟೇ."

"ರಕ್ತದಲ್ಲಿ ಬಿ-ಟ್ವೆಲ್ವ್ ವಿಟಮಿನ್ ಬೇಕಾದ್ದಕ್ಕಿಂತ ಜಾಸ್ತಿನೇ ಇದೆ. ಮಾತ್ರೆ ತಗೋತೀಯಾ?"

"ತಗೋತಾಳೆ. ಕೂದಲಿಗೆ ಒಳ್ಳೇದಂತೆ" ಅಂದೆ ನಾನು, ಜಂಬದಿಂದ.

ಅವನು ಏನೋ ಗೀಚಿಕೊಂಡ. "ಆದ್ರೂ ಅದರದೇ ಇಂಜೆಕ್ಷನ್ ಶುರು ಮಾಡೋಣ, ನಷ್ಟ ಏನಿಲ್ಲ" ಅಂದ. ಹೋಗುವಾಗ ನನಗೆ ಹೇಳಿದ, "ಅಮ್ಮ, ಸ್ಕ್ಯಾನು ಸುಳ್ಳು ಹೇಳಲ್ಲ. ಯೋಚನೆ ಮಾಡಿ." ಅವನ ಬೆನ್ನಿಗೆ ಕೇಳುವ ಹಾಗೆ ಅವನ ವಂಶವನ್ನೆಲ್ಲ ಜಾಲಾಡಿದೆ.

ಒಂದು ವಾರ ಇಂಜೆಕ್ಷನ್ ಆಯಿತು. ಜುಮ್ಮುಗಟ್ಟುವುದು ಪಾದದಿಂದ ಮೊಣಕಾಲಿಗೆ ಏರಿತೇ ಹೊರತು ಇಳಿಯಲಿಲ್ಲ. ಅಂಗಿಯ ಗುಂಡಿ ಹಾಕಿಕೊಳ್ಳಲು ಕೈಯೂ ಬರದ ಹಾಗಾಯಿತು. ಡಾಕ್ಟರಿಗೆ ಏನೂ ಗೊತ್ತಿಲ್ಲ ಅಂತ ನಾನು ವಾರ್ಡಿಗೆಲ್ಲ ಸಾರಿದೆ.

ಎಂಟನೇ ದಿನ ಪಕ್ಕದ ಮಂಚಕ್ಕೆ ಥೋವಾ ಬಂದಳು. ನಲವತ್ತರ ಆಸುಪಾಸಿನ ಹೆಂಗಸು, ತಲೆಗೂದಲಿಗೆ ಕೆಂಪು ಬಣ್ಣ, ಬುಡದಲ್ಲಿ ನಾಲ್ಕು ಬೆರಳಷ್ಟು ನರೆ. ಸೊಂಟದಿಂದ ಕೆಳಗೆ ಜೀವವಿಲ್ಲ, ಉಚ್ಚೆಗೆ ನಳಿಕೆ ಹಾಕಿದ್ದರು. ಜೊತೆಗೆ ಒಂದು ನರಪಿಳ್ಳೆಯೂ ಇಲ್ಲ. ಆಂಬುಲೆನ್ಸಿನವರು ಇಳಿಸಿ ಹೋದ ಮೇಲೆ ಒಂದು ಲೋಟ ಬಿಸಿನೀರು ತಂದುಕೊಡಲೂ ಯಾರೂ ಬರಲಿಲ್ಲ.

ಡಾಕ್ಟರ್ ಬಾಂಗ್ ಅವಳನ್ನೂ ಅದೇ ಪ್ರಶ್ನೆ ಕೇಳಿದ. ಅವಳು ನಮ್ಮ ಮಂಚದ ಕಡೆ ನೋಡಿದಳು. ಉಯೆನ್ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿದ್ದಳು.

"ಮೆಟ್ಟಿಲಿಂದ ಬಿದ್ದೆ" ಅಂದಳು ಥೋವಾ.

"ಆಹಾ" ಅಂದ ಡಾಕ್ಟರು. "ಈ ವರ್ಷ ಈ ವಾರ್ಡಿಗೆ ಬಂದ ಹದಿನೇಳು ಜನಾನೂ ಮೆಟ್ಟಿಲಿಂದಾನೇ ಬಿದ್ದಿರೋದು. ಹೈಫಾಂಗಿನ ಮೆಟ್ಟಿಲುಗಳನ್ನೆಲ್ಲ ಹಿಡಿದು ಜೈಲಿಗೆ ಹಾಕ್ಬೇಕು."

ಗೀಚಿಕೊಂಡು ಮುಂದಿನ ಮಂಚಕ್ಕೆ ಹೋದ.

ನನಗೆ ಆ ಹೆಂಗಸು ಮೊದಲ ನೋಟಕ್ಕೇ ಆಗಲಿಲ್ಲ. ನೋಡಿಕೊಳ್ಳುವವರಿಲ್ಲದ ರೋಗಿ ಅಂದರೆ ಪಕ್ಕದವರ ತಲೆಗೇ ಬರುವುದು. "ಅಕ್ಕ, ಆ ನೀರಿನ ಬಾಟ್ಲಿ ಸ್ವಲ್ಪ", "ಅಕ್ಕ, ಈ ಹೊದಿಕೆ ಸ್ವಲ್ಪ." ಎರಡು ಸಲ ಕೊಟ್ಟೆ. ಮೂರನೇ ಸಲ, "ನಾನೇನು ನಿನ್ನ ಮನೆ ಆಳಾ?" ಅಂತ ಸ್ಟೂಲನ್ನು ಎರಡು ಮಂಚದ ನಡುವೆ ಎಳೆದು ಗಡಿ ಹಾಕಿದೆ.

ಉಯೆನ್ ಆ ದಿನಗಳಲ್ಲಿ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಗಾಲಿಕುರ್ಚಿಯಲ್ಲಿ ಕೂತು ತಾರಸಿಗೆ ಹೋಗುತ್ತಿದ್ದಳು. ಬಟ್ಟೆ ಒಣಹಾಕುವ ಜಾಗ ಅದು, ಒಳ್ಳೆ ಬಿಸಿಲು. ತಲೆ ಒಣಗಿಸಿಕೊಂಡು ಬರುತ್ತೇನೆ ಅನ್ನುವಳು. ಅಂಗೈಯಲ್ಲಿ ಚಕ್ರ ತಳ್ಳಿಕೊಂಡು ಲಿಫ್ಟಿನಲ್ಲಿ ತಾನೇ ಹೋಗುತ್ತೇನೆ ಅಂತ ಹಟ. ನಾನು ಬೆಳಗಿನ ಜಾವ ಮಾರ್ಕೆಟ್ಟಿಗೆ ಓಡಿ, ಹತ್ತು ಗಂಟೆಗೆ ಇಲ್ಲಿಗೆ ಬಂದು ಬೀಳುವವಳು. ಮೂರು ಗಂಟೆಗೆ ಮಂಚದ ಕೆಳಗಿನ ಚಾಪೆಯಲ್ಲಿ ಸತ್ತವಳ ಹಾಗೆ ನಿದ್ದೆ ಹೋಗುತ್ತಿದ್ದೆ.

ಹನ್ನೊಂದನೇ ದಿನ ಹಾಗೇ ಮಲಗಿದ್ದಾಗ ಥೋವಾ ಕರೆದಳು. "ಅಕ್ಕ."

"ನೀರು ಕೇಳಿದ್ರೆ ತಲೆ ಮೇಲೆ ಸುರೀತೀನಿ" ಅಂದೆ, ಕಣ್ಣು ಬಿಡದೆ.

"ನೀರು ಬೇಡ. ನಿಮ್ಮ ಹುಡುಗಿ ಇವತ್ತು ತಲೆಗೆ ಸ್ನಾನಾನೇ ಮಾಡ್ಲಿಲ್ವಲ್ಲ. ಏನ್ ಒಣಗಿಸೋಕ್ ಹೋದ್ಲು?"

ಎದ್ದು ಕೂತೆ. ಅವಳು ಚಾವಣಿ ನೋಡುತ್ತ ಮಲಗಿದ್ದಳು.

ತಾರಸಿಗೆ ಹೋದೆ. ಲಿಫ್ಟಿಗೆ ಕಾಯಲಿಲ್ಲ, ಮೆಟ್ಟಿಲು ಹತ್ತಿಯೇ ಹೋದೆ. ನೀರಿನ ಟ್ಯಾಂಕಿನ ಹಿಂದೆ ಗಾಲಿಕುರ್ಚಿ ಕಾಣಿಸಿತು. ಊಟ ತಲುಪಿಸುವವರ ಥರ ಜಾಕೆಟ್ಟು ಹಾಕಿದ ಗಂಡಸೊಬ್ಬ ಬೆನ್ನ ಚೀಲದಿಂದ ಒಂದು ಸಣ್ಣ ಸಿಲಿಂಡರು ತೆಗೆದು ಬಲೂನಿಗೆ ಗ್ಯಾಸು ಬಿಡುತ್ತಿದ್ದ. ಇನ್ನೊಂದು ಬಲೂನು ನನ್ನ ಮಗಳ ಬಾಯಲ್ಲಿತ್ತು. ತಲೆ ಹಿಂದಕ್ಕೆ ವಾಲಿ, ತುಟಿ ನೀಲಿಗಟ್ಟಿ, ಕಣ್ಣು ಅರ್ಧ ಮುಚ್ಚಿತ್ತು. ಅವಳು ನಗುತ್ತಿದ್ದಳು. ಇಪ್ಪತ್ತಮೂರು ವರ್ಷ ಕೇಳಿದ ನಗು ಅದಲ್ಲ. ಖಾಲಿ ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ಹಾಗಿತ್ತು.

ಆ ಗಂಡಸು ನನ್ನನ್ನು ನೋಡಿ ಚೀಲ ಎತ್ತಿಕೊಂಡು ಓಡಿದ. ನಾನು ಉಯೆನ್‌ಳ ಕೆನ್ನೆಗೆ ಬಾರಿಸಿದೆ. ಬಲೂನು ಪುಸ್ಸೆಂದು ಹಾರಿ ಯಾರದೋ ಒದ್ದೆ ಹೊದಿಕೆಗೆ ಬಡಿದು ಬಿತ್ತು. ಅವಳ ನಗು ನಿಲ್ಲಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ನಾನು ಹೊಡೆಯುತ್ತಲೇ ಇದ್ದೆ.

"ಕಾಲು ಮುರೀತೀನಿ ಅಂದಿದ್ದೆ ನಾನು!"

"ಮುರಿ" ಅಂದಳು, ಮಾತು ತೊದಲುತ್ತಿತ್ತು. "ಇದ್ರೆ ತಾನೇ ಮುರಿಯೋಕೆ."

"ಡಾಕ್ಟ್ರ ಮುಂದೆ ಯಾಕೆ ಸುಳ್ಳು ಹೇಳ್ದೆ? ಎಷ್ಟು ದಿನ ಆಯ್ತು, ಪಾಪಿ!"

"ಸುಳ್ಳು ಹೇಳಿದ್ದು ನೀನು. ಅವರು ಕೇಳಿದ್ದು ನನ್ನನ್ನ. ಅಷ್ಟು ಜನರ ಮುಂದೆ ನೀನು ಎದೆ ತಟ್ಕೊಂಡು ಕೂಗಾಡಿದ್ ಮೇಲೆ ನಾನೇನ್ ಹೇಳ್ಬೇಕಿತ್ತು? ನಮ್ಮಮ್ಮಂಗೆ ತಲೆ ಕೆಟ್ಟಿದೆ, ಹೌದು ನಾನು ದಿನಾ ಎಳೀತೀನಿ ಅಂತಲಾ?"

"ಆಮೇಲೆ ನನ್ನ ಕಿವೀಲಾದ್ರೂ ಹೇಳ್ಬೋದಿತ್ತಲ್ಲ!"

"ನಿನ್ನ ಕಿವೀಲಿ ಹೇಳಿದ್ರೆ ಮಾರ್ಕೆಟ್ಟಿಗೆಲ್ಲ ಕೇಳುತ್ತೆ."

ಗಾಲಿಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡೆ. "ಕಾಲೇ ಹೋಗ್ತಿದೆ ಅಂತ ಗೊತ್ತಿದ್ದೂ ಯಾಕೇ?" ಅಂದೆ.

"ಅದನ್ನ ಎಳೆದಾಗ ಕಾಲು ಹೋಗಿದೆ ಅನ್ನೋದು ಅರ್ಧ ನಿಮಿಷ ಮರ್ತುಹೋಗುತ್ತೆ" ಅಂದಳು. ಆಮೇಲೆ ಕಣ್ಣು ಚುರುಕಾಗಿ ಕೇಳಿದಳು, "ಯಾರು ಹೇಳಿದ್ದು ನಿಂಗೆ? ಥೋವಕ್ಕಾನಾ? ಅವಳಿಗೆ ನಾಚಿಕೆ ಆಗ್ಬೇಕು. ಎರಡು ವರ್ಷದಿಂದ ನಂಗೆ ತುಂಬಿಸಿ ಕೊಟ್ಟಿರೋಳೇ ಅವಳು."

ಗಾಲಿಕುರ್ಚಿಯನ್ನು ಹೇಗೆ ಕೆಳಗೆ ತಂದೆನೋ ನೆನಪಿಲ್ಲ. ವಾರ್ಡಿನ ಬಾಗಿಲಲ್ಲೇ ಶುರು ಮಾಡಿದೆ. ಮೀನು ಮಾರ್ಕೆಟ್ಟಿನಲ್ಲಿ ಕೂಡ ಅಂಥ ಮಾತು ಆಡಿರಲಿಲ್ಲ. ಸ್ಟೂಲು ಒದ್ದು, ಅವಳ ಕೆಂಪು ಕೂದಲನ್ನು ಕೈಗೆ ಸುತ್ತಿಕೊಂಡೆ. ಥೋವಾ ಕೈ ಅಡ್ಡ ತರಲಿಲ್ಲ. ಎತ್ತಲು ಆಗುತ್ತಿತ್ತೋ ಇಲ್ಲವೋ. ಆದರೆ ಬಾಯಿ ಸುಮ್ಮನಿರಲಿಲ್ಲ.

"ಹೌದು, ನಾನೇ ತುಂಬ್ತಿದ್ದೆ. ನನ್ನ ತಮ್ಮ ಲಾಪ್‌ನ ಅಂಗಡಿ. ಹತ್ತು ಬಲೂನು ಗಿರಾಕಿಗಳಿಗೆ ತುಂಬಿದ್ರೆ ಒಂದು ನನಗೆ. ಈಗ ನೋಡು ನನ್ನ ಗತಿ. ಸಾಕಾ?"

"ಮಗಳ ವಯಸ್ಸಿನವಳಿಗೆ ವಿಷ ಹಾಕ್ತಿದ್ಯಲ್ಲೇ ಮುಂಡೆ!"

"ವಿಷ ಅಂತ ಯಾರಿಗ್ ಗೊತ್ತಿತ್ತು? ತಮ್ಮ ಎಲ್ಲರಿಗೂ ವಿಟಮಿನ್ ಮಾತ್ರೆ ಹಂಚ್ತಿದ್ದ. ಇದನ್ನ ನುಂಗಿ, ಏನೂ ಆಗಲ್ಲ ಅಂತ. ನಾನೂ ನುಂಗಿದೆ, ಅವಳೂ ನುಂಗಿದ್ಲು. ಎರಡು ತಿಂಗಳ ಹಿಂದೆ ಅವಳು ಮೇಜಿಂದ ಏಳುವಾಗ ತಡವರಿಸಿದ್ದು ನಾನು ನೋಡ್ದೆ. ಮನೆಗೆ ಹೋಗೇ ಅಂದೆ. ನಕ್ಕಳು."

"ನೋಡಿದ್ ಮೇಲೂ ಯಾಕ್ ಕೊಟ್ಟೆ?"

"ನೀನ್ ಯಾಕ್ ನೋಡ್ಲಿಲ್ಲ?" ಅಂದಳು ಥೋವಾ. "ನಾನು ಅಂಗಡಿಯವಳು. ನೀನು ತಾಯಿ. ಒಂದೇ ಮನೇಲಿ ಇದ್ರಿ."

ನರ್ಸುಗಳು ಇಬ್ಬರು ಬಂದು ನನ್ನನ್ನು ಎಳೆದು ಹೊರಗೆ ಹಾಕದಿದ್ದರೆ ಅವತ್ತು ಅವಳ ಕುತ್ತಿಗೆಗೆ ಕೈ ಹಾಕಿಬಿಡುತ್ತಿದ್ದೆ.

ಕಾರಿಡಾರಿನ ಬೆಂಚಿನ ಮೇಲೆ ಒಂದು ಗಂಟೆ ಕೂತೆ. ಆಮೇಲೆ ಡಾಕ್ಟರನ ಕೋಣೆಗೆ ಹೋದೆ. ನಿಂತೇ ಹೇಳಿದೆ, "ಎಳೀತಾಳೆ. ಎರಡು ವರ್ಷದಿಂದ. ಇವತ್ತೂ ಎಳೆದ್ಲು, ನಿಮ್ಮ ತಾರಸಿ ಮೇಲೆ."

ಡಾಕ್ಟರ್ ಬಾಂಗ್ ಪೆನ್ನು ಕೆಳಗಿಟ್ಟ. ಅವನು ಕೂತುಕೊಳ್ಳಿ ಅನ್ನಬಹುದು ಅಂದುಕೊಂಡಿದ್ದೆ. ಅನ್ನಲಿಲ್ಲ.

"ಹನ್ನೊಂದು ದಿನದಿಂದ ತೂತು ಬಿದ್ದ ಬಿಂದಿಗೆಗೆ ನೀರು ಹುಯ್ತಾ ಇದೀನಿ ನಾನು. ಆ ಗ್ಯಾಸು ಮೈಯೊಳಗಿರೋ ವಿಟಮಿನ್ನನ್ನ ಕೆಲಸಕ್ಕೆ ಬಾರದ ಹಾಗೆ ಮಾಡುತ್ತೆ. ರಕ್ತದಲ್ಲಿ ಇರುತ್ತೆ, ಆದ್ರೆ ಸತ್ತಿರುತ್ತೆ. ಮಾತ್ರೆ ನುಂಗಿ ಎಳೆದ್ರೆ ರಕ್ಷಣೆ ಅನ್ನೋದು ಶುದ್ಧ ಸುಳ್ಳು. ಅದಿಲ್ದೆ ಬೆನ್ನುಹುರಿ ಒಳಗಿನ ನರಗಳ ಮೇಲಿನ ಪೊರೆ ಸುಲಿದು ಹೋಗುತ್ತೆ. ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿದ ಹಾಗೆ."

"ವಾಪಸ್ ಬರುತ್ತಾ?"

"ಮೊದಲನೇ ದಿನ ನಿಜ ಹೇಳಿದ್ದಿದ್ರೆ ಇನ್ನೂ ಜಾಸ್ತಿ ಬರ್ತಿತ್ತು. ಈಗ ಎಷ್ಟು ಬರುತ್ತೋ ಅಷ್ಟು. ಇನ್ನೊಂದು ಬಲೂನು ಮುಟ್ಟಿದ್ರೆ ಅದೂ ಇಲ್ಲ." ಪೆನ್ನು ಎತ್ತಿಕೊಂಡ. "ಹೋಗಿ ಅಮ್ಮ. ಇನ್ಮೇಲಾದ್ರೂ ಅವಳ ಬಾಯಿಂದ ಉತ್ತರ ಬರೋಕೆ ಬಿಡಿ."

ಬೈಯಬೇಕು ಅನ್ನಿಸಿತು. ಬಾಗಿಲು ಎಳೆದುಕೊಂಡು ಹೊರಗೆ ಬಂದೆ.

ಅವತ್ತಿನಿಂದ ನಾನು ಮಾರ್ಕೆಟ್ಟಿಗೆ ಹೋಗುವುದು ಬಿಟ್ಟೆ. ಉಯೆನ್‌ಳ ಫೋನು ಕಿತ್ತುಕೊಂಡೆ. ಅವಳು ಬಚ್ಚಲಿಗೆ ಹೋದರೂ ಜೊತೆಗೆ ಹೋದೆ. ಅವಳು ನನ್ನ ಜೊತೆ ಮಾತಾಡುತ್ತಿರಲಿಲ್ಲ. ಊಟದ ತಟ್ಟೆ ಬೀಸಿ ಎಸೆದಳು, ಒಂದು ಸಲ ನನ್ನ ಕೈ ಕಚ್ಚಿದಳು. ನಾಲ್ಕನೇ ದಿನಕ್ಕೆ ಗದ್ದಲ ನಿಂತಿತು. ಒಳ್ಳೆಯ ಬುದ್ಧಿ ಬಂದು ಅಲ್ಲ, ಸುಸ್ತಾಗಿ.

ಥೋವಾಳ ಕಡೆ ನಾನು ತಿರುಗಿಯೂ ನೋಡುತ್ತಿರಲಿಲ್ಲ. ಆದರೆ ವಾಸನೆ ಬರತೊಡಗಿತು. ಮಲಗಿದಲ್ಲೇ ಮಲಗಿ ಅವಳ ಸೊಂಟದ ಹತ್ತಿರ ಹುಣ್ಣಾಗಿತ್ತು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ನಮ್ಮಿಂದ ಆಗ್ತಿಲ್ಲ, ಯಾರಾದ್ರೂ ಕೈ ಹಾಕಿ ಅಂತ ನರ್ಸು ಕೋಣೆಯವರನ್ನೆಲ್ಲ ಕೇಳಿದಳು. ಎಲ್ಲರೂ ತಲೆ ತಗ್ಗಿಸಿದರು. ಒಂದು ದಿನ ತಡೆದೆ. ಎರಡನೇ ದಿನ ಎದ್ದು ಹೋಗಿ ಅವಳ ಹೆಗಲಿಗೆ ಕೈ ಹಾಕಿ ಹೊರಳಿಸಿದೆ.

"ಕರುಣೆ ಅಂದ್ಕೋಬೇಡ. ನನ್ ಮಗಳ ಮೂಗಿಗೆ ನಿನ್ನ ನಾತ ಬಡೀತಿದೆ, ಅದಕ್ಕೆ."

"ಅಂದ್ಕೊಂಡಿಲ್ಲ" ಅಂದಳು.

ಆಮೇಲೆ ಎರಡು ಗಂಟೆಗೊಮ್ಮೆ ಬೈಯುತ್ತ ಹೊರಳಿಸಿದೆ. ಹುಣ್ಣು ತೊಳೆಯುವಾಗಲೂ ಬೈದೆ. ಅವಳು ಹಲ್ಲು ಕಚ್ಚಿಕೊಂಡು, "ನಿನ್ನ ಬಾಯಿಗಿಂತ ಈ ಔಷಧೀನೇ ವಾಸಿ, ಉರಿ ಕಮ್ಮಿ" ಅನ್ನುತ್ತಿದ್ದಳು. ತಂದೆ ತಾಯಿ ದೋಣಿ ಮುಳುಗಿ ಸತ್ತಾಗ ಅವಳಿಗೆ ಹದಿನೈದು, ತಮ್ಮನಿಗೆ ಆರು; ಅವನನ್ನು ಸಾಕಲೆಂದು ಮದುವೆಯಾಗಲಿಲ್ಲ ಅಂತ ಆ ಕಡೆ ಮಂಚದ ಮುದುಕಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ಬಿದ್ದರೆ ಬೀಳಲಿ ಅಂತ ಸುಮ್ಮನಿದ್ದೆ.

ಆ ತಮ್ಮ ಒಂದು ಭಾನುವಾರ ಬಂದ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಹಣ್ಣಿನ ಬುಟ್ಟಿ. ಮೂಗಿಗೆ ಕರವಸ್ತ್ರ ಒತ್ತಿಕೊಂಡು ಮಂಚದಿಂದ ಒಂದು ಮಾರು ದೂರ ನಿಂತ.

"ಅಕ್ಕ, ವಾರ್ಡಿನೋರು ಏನಾದ್ರೂ ಬರೆಸ್ಕೊಂಡ್ರಾ?"

"ಮೆಟ್ಟಿಲಿಂದ ಬಿದ್ದೆ ಅಂದಿದೀನಿ ಕಣೋ" ಅಂದಳು ಥೋವಾ. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಕೇಳಿರಲಿಲ್ಲ. "ಊಟ ಮಾಡ್ತಿದ್ಯಾ? ಬಡವಾಗಿದೀಯ."

"ಅಷ್ಟೇ ಹೇಳು. ಪೊಲೀಸರು ಎರಡು ಸಲ ಬಂದ್ರು. ಎಲ್ಲರಿಗೂ ಮಾತ್ರೆ ಕೊಟ್ಟಿದೀನಿ, ಯಾರಿಗೂ ಏನೂ ಆಗಿಲ್ಲ ಅಂತ ಹೇಳಿ ಕಳಿಸಿದೀನಿ."

ನನಗೆ ತಡೆಯಲಾಗಲಿಲ್ಲ. "ಯಾರಿಗೂ ಏನೂ ಆಗಿಲ್ವಾ?" ಅಂತ ಉಯೆನ್‌ಳ ಹೊದಿಕೆ ಎಳೆದು ತೆಗೆದೆ. "ಇಲ್ನೋಡು. ಇದು ಏನು? ನಿನ್ನಕ್ಕನ ಸೊಂಟದಲ್ಲಿ ನಾಲ್ಕು ಬೆರಳು ಹೋಗೋ ಹುಣ್ಣಿದೆ, ಬಾ, ಬಗ್ಗಿ ನೋಡು! ನಾನು ತೊಳೀತಿದೀನಿ ಅದನ್ನ, ನಾನು! ನೀನು ಮೂಗು ಮುಚ್ಕೊಂಡು ದ್ರಾಕ್ಷಿ ತಂದಿದೀಯಾ, ಥೂ!" ಬುಟ್ಟಿ ಎತ್ತಿ ಅವನ ಎದೆಗೇ ಎಸೆದೆ. ಹಣ್ಣು ಮಂಚದ ಕೆಳಗೆಲ್ಲ ಉರುಳಿದವು.

ಅವನು ಬೆಪ್ಪಾದ. ಆದರೆ ಥೋವಾ ನನ್ನ ಮೇಲೆ ತಿರುಗಿಬಿದ್ದಳು.

"ನನ್ನ ತಮ್ಮನಿಗೆ ಬೈಯೋಕೆ ನೀನ್ಯಾರೇ? ನೀನು ನಿನ್ನ ಮಗಳಿಗೋಸ್ಕರ ಸುಳ್ಳು ಹೇಳ್ಲಿಲ್ವಾ? ನಾನು ನನ್ನ ತಮ್ಮನಿಗೋಸ್ಕರ ಹೇಳ್ತೀನಿ. ಹೋಗಾಚೆ. ಇನ್ಮೇಲೆ ನನ್ನ ಮೈ ಮುಟ್ಬೇಡ."

ಎರಡು ದಿನ ಕಳೆದು ಲಾಪ್ ಅವಳನ್ನು ಮನೆಗೆ ಕರೆದುಕೊಂಡು ಹೋದ. ಡಾಕ್ಟರ್ ಬಾಂಗ್ ಬೇಡ ಅಂದ, ಕೂಗಾಡಿದ, ನಂತರ ಕಾಗದಕ್ಕೆ ಸಹಿ ಹಾಕಿಸಿಕೊಂಡು ಬಿಟ್ಟ. ಸ್ಟ್ರೆಚರ್ ಮೇಲೆ ಹೋಗುವಾಗ ಥೋವಾ ಉಯೆನ್‌ಳ ಕಡೆ ನೋಡಿದಳು, ಉಯೆನ್ ಅವಳ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡುತ್ತಿದ್ದೆ.

ಬಲೂನು ನಿಂತ ಮೇಲೆ ಇಂಜೆಕ್ಷನ್ ನಾಟತೊಡಗಿತು. ಮೊದಲು ಕೈ ಬಂತು. ಒಂದೂವರೆ ತಿಂಗಳಿಗೆ ಸರಳು ಹಿಡಿದು ನಿಂತಳು. ನಾಲ್ಕನೇ ತಿಂಗಳಿಗೆ, ವ್ಯಾಯಾಮ ಮಾಡಿಸುವ ಕೋಣೆಯಲ್ಲಿ, ವಾಕರ್ ತಳ್ಳಿಕೊಂಡು ಆ ಗೋಡೆಯಿಂದ ಈ ಗೋಡೆಗೆ ನಡೆದಳು. ನಡೆಯುವಾಗ ಕಾಲನ್ನೇ ನೋಡುತ್ತಿರಬೇಕು. ಬೆರಳುಗಳಿಗೆ ಈಗಲೂ ನೆಲ ತಿಳಿಯುವುದಿಲ್ಲ. ನಮ್ಮಿಬ್ಬರ ನಡುವೆ ಮಾತು ಬೇಕಾದಷ್ಟೇ ಇತ್ತು. "ನೀರು", "ಎತ್ತು", "ಬಿಡು".

ಅಲ್ಲೇ ಒಬ್ಬ ನರ್ಸು ಹೇಳಿದಳು, ಥೋವಾ ಹೋಗಿಬಿಟ್ಟಳು ಅಂತ. ಅಲ್ಲಾಡದ ಕಾಲಿನ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತಂತೆ. ಆಂಬುಲೆನ್ಸಿನವರು ಹೋದಾಗ ಹಾಸಿಗೆಯ ಪಕ್ಕದಲ್ಲಿ ಸಿಲಿಂಡರು ಇತ್ತಂತೆ. ನೋವು ಮರೆಯಲಿ ಅಂತ ತಮ್ಮನೇ ತಂದಿಟ್ಟಿದ್ದ.

"ನಾನು ಊದುಬತ್ತಿ ಹಚ್ಚೋಕೆ ಹೋಗ್ಬೇಕು" ಅಂದಳು ಉಯೆನ್.

"ಅವಳಿಗಾ? ಹುಚ್ಚಾ ನಿಂಗೆ?"

"ನೀನು ಬರ್ಬೇಡ. ಟ್ಯಾಕ್ಸಿ ಕರೀತೀನಿ."

ಬಿಟ್ಟು ಕಳಿಸುತ್ತೇನೆಯೇ? ನಾನೂ ಹತ್ತಿದೆ. ದಾರಿಯುದ್ದಕ್ಕೂ ಆ ಲಾಪ್‌ನಿಗೆ ಏನೇನು ಅನ್ನಬೇಕು ಅಂತ ಬೈಗುಳ ಜೋಡಿಸಿಕೊಂಡೆ.

ಮನೆಯ ಮುಂದೆ ನೀಲಿ ಚಪ್ಪರ, ಶೋಕದ ಓಲಗ, ಪ್ಲಾಸ್ಟಿಕ್ ಸ್ಟೂಲುಗಳ ಮೇಲೆ ನಲವತ್ತು ಜನ ಸೂರ್ಯಕಾಂತಿ ಬೀಜ ಒಡೆಯುತ್ತ ಕೂತಿದ್ದರು. ಲಾಪ್ ಹಣೆಗೆ ಸೂತಕದ ಬಿಳಿ ಪಟ್ಟಿ ಕಟ್ಟಿಕೊಂಡು ಬಂದವರಿಗೆಲ್ಲ ಹೇಳುತ್ತಿದ್ದ, "ಮೆಟ್ಟಿಲಿಂದ ಬಿದ್ದಿದ್ದು. ಅಕ್ಕ ಚೇತರಿಸ್ಕೊಳ್ಳಲೇ ಇಲ್ಲ." ಅವನ ಕಣ್ಣು ನಿಜವಾಗಿಯೂ ಊದಿಕೊಂಡಿತ್ತು.

ಉಯೆನ್ ವಾಕರ್ ತಳ್ಳಿಕೊಂಡು ಹೆಣದ ಪೆಟ್ಟಿಗೆಯ ತನಕ ಹೋದಳು. ಊದುಬತ್ತಿ ಹಚ್ಚಿ ಮೂರು ಸಲ ತಲೆ ಬಾಗಿಸಿದಳು. ಆಮೇಲೆ ತಿರುಗಿದಳು.

"ಲಾಪಣ್ಣ, ನಿಮ್ಮಂಗಡೀಲಿ ಮೆಟ್ಟಿಲು ಎಲ್ಲಿದೆ?"

ಓಲಗದವನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ್ದ. ಎಲ್ಲರಿಗೂ ಕೇಳಿತು.

"ಎರಡು ವರ್ಷ ಬಂದಿದೀನಿ ನಾನು. ನೆಲದ ಮೇಲಿನ ಅಂಗಡಿ ಅದು. ಥೋವಕ್ಕ ಸಿಲಿಂಡರ್ ಪಕ್ಕ ಕೂತು ತುಂಬಿ ಕೊಡ್ತಿದ್ಲು, ನಾನು ಎಳೀತಿದ್ದೆ, ಅವಳೂ ಎಳೀತಿದ್ಲು. ನನ್ನ ಕಾಲು ಹೋಗಿದ್ದೂ ಅದ್ರಿಂದಾನೇ, ಅವಳ ಜೀವ ಹೋಗಿದ್ದೂ ಅದ್ರಿಂದಾನೇ."

"ಹೆಣದ ಮುಂದೆ ಏನ್ ಮಾತಾಡ್ತಿದೀಯಾ!" ಅಂತ ಲಾಪ್ ಮುಂದೆ ಬಂದ. ಅವನ ಚಿಕ್ಕಪ್ಪಂದಿರೋ ಯಾರೋ ಇಬ್ಬರು ಉಯೆನ್‌ಳ ತೋಳು ಹಿಡಿದು ಹೊರಗೆ ತಳ್ಳತೊಡಗಿದರು. ಆಗ ನಾನು ಬಾಯಿ ಬಿಟ್ಟೆ. ಜೋಡಿಸಿಕೊಂಡು ಬಂದಿದ್ದು ಒಂದೂ ನೆನಪಾಗಲಿಲ್ಲ. "ಅವಳು ಹೇಳಿದ್ದು ನಿಜ. ನನ್ ಮಗಳು ಬಲೂನ್ ಎಳೀತಿದ್ಲು. ನಾನೇ ತಾಯಿ, ನಾನೇ ಹೇಳ್ತಿದೀನಿ, ಬೇಕಾದ್ರೆ ಮಾರ್ಕೆಟ್ಟಿಗೂ ಹೋಗಿ ಹೇಳಿ!" ಅಂತ ಕೂಗಿದೆ. ಅಷ್ಟೇ ಬಂದದ್ದು. ನಮ್ಮಿಬ್ಬರನ್ನೂ ಗೇಟಿನಾಚೆ ಹಾಕಿ ಚಿಲಕ ಎಳೆದರು. ಓಲಗ ಮತ್ತೆ ಶುರುವಾಯಿತು.

ಟ್ಯಾಕ್ಸಿಗೆ ಕಾಯುತ್ತಿದ್ದಾಗ ಪಕ್ಕದ ಸಣ್ಣ ಬಾಗಿಲಿನಿಂದ ಒಬ್ಬ ಹುಡುಗಿ ಹೊರಗೆ ಬಂದಳು. ಇಪ್ಪತ್ತು ಇರಬಹುದು, ಲಾಪ್‌ನ ಅಂಗಡಿಯ ಹೆಸರಿದ್ದ ಅಂಗಿ ಹಾಕಿದ್ದಳು. ಥೋವಾಳ ಜಾಗದಲ್ಲಿ ಈಗ ಇವಳು ತುಂಬಿಸುವುದಂತೆ. ನನ್ನ ಕಡೆ ನೋಡಲು ಹೆದರಿ ಉಯೆನ್‌ಳನ್ನೇ ಕೇಳಿದಳು.

"ಅಕ್ಕ, ನಂಗೆ ಒಂದು ತಿಂಗಳಿಂದ ಕಾಲ್ಬೆರಳು ಜುಮ್ ಅಂತಿದೆ. ಕೂತು ಕೂತು ಹಾಗಾಗಿದೆ ಅಂತ ಲಾಪಣ್ಣ ಹೇಳ್ತಾರೆ. ಅದು ಇದೇನಾ?"

ಉಯೆನ್ ಅವಳಿಗೆ ಕಣ್ಣು ಮುಚ್ಚಿ ನಿಲ್ಲು ಅಂದಳು. ಹುಡುಗಿ ನಿಂತಳು, ಎರಡು ಉಸಿರಿಗೆ ವಾಲಿದಳು. ನಾನು ಹಿಡಿದುಕೊಂಡೆ.

"ಇದೇ" ಅಂದಳು ಉಯೆನ್. "ಡಾಕ್ಟರ್ ಬಾಂಗ್ ಅಂತ ಇದಾರೆ. ನಾಲ್ಕು ಗಂಟೆ ತನಕ ಸಿಗ್ತಾರೆ. ಕೇಳಿದ ತಕ್ಷಣ ನಿಜ ಹೇಳು."

"ಮನೇಲಿ ಗೊತ್ತಾದ್ರೆ ಅಮ್ಮ ನನ್ನ..." ಅಂತ ಹುಡುಗಿ ಅಳಲು ಶುರುಮಾಡಿದಳು. ಅಷ್ಟರಲ್ಲಿ ಟ್ಯಾಕ್ಸಿ ಬಂತು.

"ನಿಮ್ಮಮ್ಮನ ಹತ್ರ ನಾನ್ ಮಾತಾಡ್ತೀನಿ ಕಣೇ ದರಿದ್ರದವಳೇ" ಅಂದೆ. "ಬೆಳೆದ ಕತ್ತೆ, ತಲೇಲಿ ಏನ್ ತುಂಬಿದೆ ನಿಂಗೆ, ಅದೇ ಗ್ಯಾಸಾ? ಕಣ್ಮುಂದೆ ಹೆಣ ಮಲಗಿದೆ, ಇನ್ನೂ ಅದೇ ಅಂಗಿ ಹಾಕ್ಕೊಂಡು ನಿಂತಿದೀಯಲ್ಲ. ಹತ್ತು. ಹತ್ತು ಅಂದೆ. ಮೂರೂವರೆ ಆಯ್ತು, ಆ ಡಾಕ್ಟ್ರು ಎದ್ದು ಹೋಗ್ತಾನೆ."

ಅವಳು ಉಯೆನ್‌ಳ ಪಕ್ಕದಲ್ಲಿ ಮುದುರಿ ಕೂತಳು. ನಾನು ವಾಕರ್ ಮಡಚಿ ಡಿಕ್ಕಿಗೆ ಹಾಕಿ, ಮುಂದೆ ಕೂತು, ಆಸ್ಪತ್ರೆ ಬರುವ ತನಕ ಅವಳಿಗೆ ಬೈದೆ.